ಹೆಗಲೇರಿ ಕೂತ ಮಾರ್ಕ

ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್‌ನ ಬಣ್ಣದ ಗಾಜಿನ ಕಿಟಕಿಗಳ ಫೋಟೋ ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ದಕ್ಷಿಣದ ಗುಲಾಬಿ ಕಿಟಕಿಯ, ಅಂದರೆ ಅರಳಿದ ಹೂವಿನಂಥ ದುಂಡು ಕಿಟಕಿಯ, ಕೆಳಗಿನ ಸಾಲನ್ನೇ ನೋಡಿ. ಯೇಸುವಿನ ಕಥೆ ಹೇಳುವ ಸುವಾರ್ತೆಗಳನ್ನು ಬರೆದ ನಾಲ್ವರೂ, ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯ ಪ್ರವಾದಿಗಳ ಹೆಗಲೇರಿ ಕೂತಿದ್ದಾರೆ! ಯೆಶಾಯನ ಮೇಲೆ ಮತ್ತಾಯ, ದಾನಿಯೇಲನ ಮೇಲೆ ಮಾರ್ಕ. ಥೇಟ್ ಅಪ್ಪನ ಹೆಗಲೇರಿದ ಮಕ್ಕಳ ಹಾಗೆ. ಹೊಸದು ಹಳೆಯದರ ಮೇಲೆ ನಿಂತಿದೆ ಅಂತ ಇದಕ್ಕಿಂತ ನೇರವಾಗಿ ಹೇಳೋಕಾಗುತ್ತಾ?

ಈ ಕಿಟಕಿಗಳು ಓದು ಬಾರದವರ ಬೈಬಲ್ ಅನ್ನುವ ಮಾತಿದೆ. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಪ್ಯಾರಿಸ್ಸಿನ ಸೇಂತ್ ಶಪೆಲ್ ಅನ್ನುವ ಪ್ರಾರ್ಥನಾಲಯದ ಕಿಟಕಿಗಳಲ್ಲಿ ಸಾವಿರಕ್ಕೂ ಜಾಸ್ತಿ ದೃಶ್ಯಗಳಿವೆ. ಕತ್ತು ನೋಯುವಷ್ಟು ಮೇಲೆ ನೋಡಿದರೂ ತುದಿಯಲ್ಲಿರುವುದು ಯಾರು ಅಂತ ತಿಳಿಯುವುದು ಕಷ್ಟ. ಶಾರ್ತ್ರ್‌ನ ಒಳ್ಳೆಯ ಸಮಾರ್ಯದವನ ಕಿಟಕಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನನ್ನು ಸಮಾರ್ಯ ಸೀಮೆಯವನೊಬ್ಬ ಎತ್ತಿ ಉಪಚರಿಸುವ, ಯೇಸು ಹೇಳಿದ ಕಥೆ ಅದು. ಕಥೆ ನಡುವಲ್ಲೇ ಮುಗಿದು, ಮೇಲೆ ಇದ್ದಕ್ಕಿದ್ದಂತೆ ಬೈಬಲಿನ ಮೊದಲ ಮನುಷ್ಯರಾದ ಆದಾಮ, ಹವ್ವ ಬರುತ್ತಾರೆ. ಯಾಕಂದ್ರೆ ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನೇ ಆದಾಮ, ಎತ್ತಿ ಉಪಚರಿಸಿದವನೇ ಕ್ರಿಸ್ತ ಅನ್ನುವುದು ಹಳೆಯ ಕಾಲದ ವಿವರಣೆ. ಪಕ್ಕದಲ್ಲಿ ನಿಂತು ಯಾರಾದರೂ ಹೇಳಿಕೊಡದಿದ್ದರೆ ಇದು ಹೊಳೆಯುತ್ತಾ? ಕಿಟಕಿ ಒಂದೇ ಸಾಲದು, ಕಥೆ ಹೇಳುವ ಬಾಯಿಯೂ ಬೇಕಿತ್ತು.

ಅಂದಹಾಗೆ, ಅದೇ ಕಿಟಕಿಯ ಬುಡದಲ್ಲಿ ಬೂಟು ಹೊಲಿಯುವವರು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದಾರೆ. ಆದಾಮನಿಗೆ ಸಿಕ್ಕ ನೀಲಿ, ಕೆಂಪು ಗಾಜೇ ಅವರಿಗೂ ಸಿಕ್ಕಿದೆ. ನನಗಂತೂ ಆ ಮೂಲೆಯೇ ಜಾಸ್ತಿ ಇಷ್ಟ.