ಚೌಡಪ್ಪ ನಾಯಕನ ಊರಿಗೆ ಹೊರಡುವವರಿಗೆ: ಮೊದಲು ಕೆಳದಿ, ಆಮೇಲೆ ಇಕ್ಕೇರಿ

ಸಾಗರಕ್ಕೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರ ಕಣ್ಣು ಜೋಗದ ಮೇಲಿರುತ್ತದೆ. ಹೋಗುವ ದಾರಿಯಲ್ಲಿ ಇಕ್ಕೇರಿಗೆ ಅರ್ಧ ಗಂಟೆ, ಹೊತ್ತು ಉಳಿದರೆ ಕೆಳದಿಗೊಂದು ಸುತ್ತು ಎಂದು ಲೆಕ್ಕ ಹಾಕಿಕೊಂಡಿರುತ್ತಾರೆ. ಆ ಲೆಕ್ಕವನ್ನು ಬಿಟ್ಟುಬಿಡಿ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಜೋಗಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಒಂದು ಇಡೀ ದಿನವನ್ನು ಕೆಳದಿಗೂ ಇಕ್ಕೇರಿಗೂ ಕೊಡಿ, ಅದರಲ್ಲೂ ಕೆಳದಿಯಿಂದಲೇ ಆರಂಭಿಸಿ. ಶಿವಪ್ಪ ನಾಯಕನ ಹೆಸರನ್ನು, ಕೆಳದಿಯ ರಾಣಿ ಚೆನ್ನಮ್ಮನ ಧೈರ್ಯವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಕೆಳದಿಯ ಅರಸುಮನೆತನವನ್ನು ಕಟ್ಟಿ ಅವರಿಬ್ಬರಿಗೂ ಸಿಂಹಾಸನ ದೊರಕಿಸಿಕೊಟ್ಟ ಚೌಡಪ್ಪ ನಾಯಕನ ಹೆಸರು ಮಾತ್ರ ಮಲೆನಾಡಿನಾಚೆ ಅಷ್ಟಾಗಿ ಕೇಳಿಬರುವುದಿಲ್ಲ. ಅವನನ್ನು ಅರಿಯದೆ ಇಕ್ಕೇರಿಯ ಕಲ್ಲನ್ನು ನೋಡಿದರೆ ಅರ್ಧ ಮಾತ್ರ ನೋಡಿದಂತೆ.

ರೈಲಿನಲ್ಲಿ ಬರುವವರು ಟಿಕೆಟ್ ಕಾಯ್ದಿರಿಸುವಾಗ ನಿಲ್ದಾಣದ ಹೆಸರು ‘ಸಾಗರ ಜಂಬಗಾರು’ ಎಂಬುದನ್ನು ನೆನಪಿಡಿ. ಮೈಸೂರಿನಿಂದ ಬೆಂಗಳೂರಿನ ಮೇಲೆ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಅನುಕೂಲ. ಬಸ್ಸಿನಲ್ಲಾದರೆ ಶಿವಮೊಗ್ಗದಿಂದ ಸುಮಾರು ಎಪ್ಪತ್ತು ಕಿಲೋಮೀಟರ್. ಉಳಿಯಲು ಸಾಗರ ಪೇಟೆಯೇ ಸರಿ. ಅಲ್ಲಿಂದ ಕೆಳದಿ ಸುಮಾರು ಎಂಟು ಕಿಲೋಮೀಟರ್, ಇಕ್ಕೇರಿ ಆರು. ಎರಡೂ ಬೇರೆ ಬೇರೆ ದಿಕ್ಕಿನಲ್ಲಿರುವುದರಿಂದ ನಡುವೆ ಸಾಗರಕ್ಕೆ ಮರಳಬೇಕಾಗುತ್ತದೆ. ಹಳ್ಳಿಯ ಬಸ್ಸಿಗೆ ಕಾಯುವ ಬದಲು ಬೆಳಿಗ್ಗೆಯೇ ಒಂದು ಆಟೋ ಗೊತ್ತುಮಾಡಿಕೊಂಡು, ಕಾಯುವ ಹೊತ್ತನ್ನೂ ಸೇರಿಸಿ ಬಾಡಿಗೆ ಮಾತಾಡಿಕೊಳ್ಳಿ.

ಇನ್ನು ಚೌಡಪ್ಪನ ಕಥೆ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯಂ’ ಈ ಮನೆತನದ ಚರಿತ್ರೆಗೆ ದೊಡ್ಡ ಆಧಾರ. ಕಾವ್ಯವಾದ್ದರಿಂದ ಅದರಲ್ಲಿ ಪವಾಡವೂ ಇದೆ, ಇತಿಹಾಸವೂ ಇದೆ. ಕೆಳದಿ ಸೀಮೆಯ ಪಳ್ಳಿಬೈಲಿನಲ್ಲಿ ಬಸವಪ್ಪ, ಬಸವಮಾಂಬೆ ಎಂಬ ಗೌಡ ದಂಪತಿಗೆ ಚೌಡಪ್ಪ, ಭದ್ರಪ್ಪ ಎಂಬ ಇಬ್ಬರು ಮಕ್ಕಳು. ಬೇಸಾಯ, ದನಕರು ಇದ್ದ ಮನೆ. ಒಂದು ಹಸು ದಿನವೂ ಹುತ್ತದ ಮೇಲೆ ಹಾಲು ಕರೆಯುತ್ತಿತ್ತಂತೆ. ಅಗೆದು ನೋಡಿದಾಗ ಲಿಂಗ ಸಿಕ್ಕಿತು; ಅದೇ ರಾಮೇಶ್ವರ. ಆಮೇಲೆ ಹೊಲದಲ್ಲಿ ನಿಧಿ ದೊರೆಯಿತು. ಆ ನಿಧಿಗೆ ನರಬಲಿ ಬೇಕೆಂದಾಗ ಮನೆಯ ಆಳುಗಳಾದ ಯಾದವ ಮತ್ತು ಮುರಾರಿ ತಾವಾಗಿಯೇ ಮುಂದೆ ಬಂದರು ಎನ್ನುತ್ತದೆ ಐತಿಹ್ಯ. ಕೆಳದಿಯ ಅರಸರು ಧರಿಸಿದ ‘ಎಡವ ಮುರಾರಿ’ ಎಂಬ ಬಿರುದು ಆ ಇಬ್ಬರ ನೆನಪಿಗಾಗಿ ಬಂದದ್ದೆಂದು ಇಲ್ಲಿನವರು ಹೇಳುತ್ತಾರೆ. ಈ ಭಾಗ ಬಂದಾಗ ನನಗೆ ಮನಸ್ಸು ಭಾರವಾಗುತ್ತದೆ. ಅರಸರ ಏಳಿಗೆಯ ಕಥೆಯಲ್ಲಿ ಆಳುಗಳ ಹೆಸರು ಉಳಿಯುವುದೇ ಅಪರೂಪ. ಕಥೆ ನಿಜವಿರಲಿ ಇಲ್ಲದಿರಲಿ, ರಾಮೇಶ್ವರನ ಎದುರು ನಿಂತಾಗ ಆ ಇಬ್ಬರನ್ನೂ ನೆನೆಯಿರಿ.

ಹಣ ಬಂದ ಮೇಲೆ ಚೌಡಪ್ಪ ಜನ ಕೂಡಿಸಿ ಸುತ್ತಲಿನ ಹಳ್ಳಿಗಳನ್ನು ವಶಪಡಿಸಿಕೊಂಡ. ಸುದ್ದಿ ವಿಜಯನಗರಕ್ಕೆ ಮುಟ್ಟಿತು, ಅವನನ್ನು ಹಿಡಿಸಿ ಸೆರೆಯಲ್ಲಿಟ್ಟರು. ಅಲ್ಲಿದ್ದಾಗ ದಂಗೆಯೆದ್ದ ಒಬ್ಬ ಪಾಳೆಯಗಾರನನ್ನು ತಾನು ಅಡಗಿಸುತ್ತೇನೆಂದು ಕೇಳಿಕೊಂಡು, ಆಡಿದಂತೆ ಮಾಡಿ ತೋರಿಸಿದ. ರಾಯರು ಮೆಚ್ಚಿ ಎಂಟು ಮಾಗಣಿಗಳನ್ನೂ (ಹಳ್ಳಿಗಳ ಗುಂಪುಗಳನ್ನೂ) ‘ಕೆಳದಿ ಮೂಲದ ನಾಯಕ’ ಎಂಬ ಪದವಿಯನ್ನೂ ಕೊಟ್ಟು ಕಳುಹಿಸಿದರು. ಇದೆಲ್ಲ 1500ರ ಆಸುಪಾಸಿನ ಮಾತು. ಪವಾಡಗಳನ್ನು ಬದಿಗಿಟ್ಟು ನೋಡಿದರೂ ಒಬ್ಬ ಹಳ್ಳಿಯ ಗೌಡ ಸಾಮ್ರಾಜ್ಯದ ನಾಯಕನಾದ ಬಗೆ ಸ್ಪಷ್ಟವಾಗಿಯೇ ಕಾಣುತ್ತದೆ: ಭೂಮಿ, ಹಣ, ಜನಬಲ, ಕೊನೆಗೆ ರಾಯರ ಮುದ್ರೆ. ಮಗ ಸದಾಶಿವ ನಾಯಕನ ಕಾಲಕ್ಕೆ ರಾಜ್ಯ ಕರಾವಳಿಯತ್ತ ಚಾಚಿತು. 1565ರ ಯುದ್ಧದಲ್ಲಿ ವಿಜಯನಗರ ಸೋತ ಬಳಿಕ ಈ ಮನೆತನ ಕ್ರಮೇಣ ಸ್ವತಂತ್ರವಾಯಿತು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿಯುವವರೆಗೂ ಅದು ಆಳಿತು.

ಕೆಳದಿಗೆ ಬೆಳಗಿನ ಪೂಜೆಯ ಹೊತ್ತಿಗೆ ಹೋಗಿ. ಹೆಂಚಿನ ಮಾಡಿನ ಪೌಳಿಯನ್ನು ಹೊರಗಿನಿಂದ ನೋಡಿದರೆ ಮಲೆನಾಡಿನ ಯಾವುದೋ ದೊಡ್ಡ ಮನೆಯಂತೆ ಕಾಣುತ್ತದೆ. ಒಳಗೆ ಒಂದೇ ಪ್ರಾಕಾರದಲ್ಲಿ ರಾಮೇಶ್ವರ, ವೀರಭದ್ರ, ಪಾರ್ವತಿ ಗುಡಿಗಳಿವೆ. ಚೌಡಪ್ಪನಿಗೆ ನೇರವಾಗಿ ಸೇರಿದ್ದು ರಾಮೇಶ್ವರ. ಆದರೆ ಹೆಚ್ಚು ಹೊತ್ತು ಬೇಡುವುದು ವೀರಭದ್ರ ಗುಡಿ. ಅದರ ಒಳಚಾವಣಿಯಲ್ಲಿ ಆನೆ, ಸಿಂಹಗಳನ್ನು ಹಿಡಿದು ಹಾರುವ ಗಂಡಭೇರುಂಡವಿದೆ. ಬೆಳಕು ಕಡಿಮೆ, ಆದ್ದರಿಂದ ಕಣ್ಣು ಹೊಂದಿಕೊಳ್ಳುವವರೆಗೆ ಕಾಯಿರಿ. ಟಾರ್ಚ್ ಬೇಕಾದರೆ ಅರ್ಚಕರನ್ನು ಕೇಳಿಯೇ ಬಳಸಿ. ಹೊರಗಿನ ಕಂಬದ ಮೇಲಿನ ಒಂದು ಉಬ್ಬುಶಿಲ್ಪವನ್ನು ಚೆನ್ನಮ್ಮ ಮತ್ತು ಅವಳು ಆಶ್ರಯ ಕೊಟ್ಟ ಶಿವಾಜಿಯ ಮಗ ರಾಜಾರಾಮ ಎಂದು ಊರಿನವರು ತೋರಿಸುತ್ತಾರೆ. ಪಾರ್ವತಿ ಗುಡಿಯಲ್ಲಿ ಮರದ ಕೆತ್ತನೆಯ ಮುಚ್ಚಿಗೆ ಇದೆ, ತಲೆಯೆತ್ತಿ ನೋಡುವುದನ್ನು ಮರೆಯಬೇಡಿ. ಸಾಗರದ ಗುಡಿಗಾರರ ಗಂಧದ ಕೆತ್ತನೆಯನ್ನು ಸಂಜೆ ಪೇಟೆಯಲ್ಲಿ ನೋಡುವಾಗ ಈ ಮುಚ್ಚಿಗೆ ನೆನಪಾಗುತ್ತದೆ.

ಊರಿನಲ್ಲಿಯೇ ಕೆಳದಿ ವಸ್ತುಸಂಗ್ರಹಾಲಯವಿದೆ. ಸಂಶೋಧಕ ಕೆಳದಿ ಗುಂಡಾ ಜೋಯಿಸರ ಬದುಕಿನ ದುಡಿಮೆಯಿಂದ ಬೆಳೆದ ಸಂಗ್ರಹ ಇದು. ತಾಳೆಗರಿ, ತಾಮ್ರಶಾಸನ, ನಾಣ್ಯ, ಆಯುಧ ಎಲ್ಲವೂ ಇವೆ. ಅರಮನೆ ಉಳಿದಿಲ್ಲದ ಊರಿನಲ್ಲಿ ಆ ಮನೆತನ ಹೇಗೆ ಬದುಕಿತು ಎಂಬುದನ್ನು ಹೇಳುವವು ಇವೇ ವಸ್ತುಗಳು. ಹೋಗುವ ಮುನ್ನ ತೆರೆದಿರುವ ದಿನವನ್ನು ವಿಚಾರಿಸಿಕೊಳ್ಳಿ. ಅಲ್ಲಿನವರು ತಿಳಿದವರು, ಪ್ರಶ್ನೆ ಕೇಳಿದರೆ ಸಂತೋಷದಿಂದ ವಿವರಿಸುತ್ತಾರೆ.

ಊಟಕ್ಕೆ ಸಾಗರಕ್ಕೆ ಮರಳಿ. ಎಲೆಯ ಮೇಲೆ ಮಾವಿನಕಾಯಿಯ ಅಪ್ಪೆಹುಳಿ ಸಿಕ್ಕರೆ ನಿಮ್ಮ ಅದೃಷ್ಟ. ಕಾಗದದಷ್ಟು ತೆಳುವಾದ ಸಿಹಿತಿಂಡಿ ತೊಡೆದೇವು ಕಂಡಲ್ಲಿ ಕಟ್ಟಿಸಿಕೊಳ್ಳಿ.

ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಇಕ್ಕೇರಿ. ಕೆಳದಿಯಿಂದ ರಾಜಧಾನಿ ಇಲ್ಲಿಗೆ ಬಂತು. ಕೆಳದಿಯನ್ನು ಕಂಡು ಬಂದವರಿಗೆ ಅಘೋರೇಶ್ವರ ಗುಡಿಯ ಎತ್ತರ ನೋಡಿದೊಡನೆ ಎದೆ ತುಂಬುತ್ತದೆ. ಒಂದೆರಡು ತಲೆಮಾರಿನಲ್ಲಿ ಎಲ್ಲಿಂದ ಎಲ್ಲಿಗೆ ಬಂದರು ಎಂಬುದು ಹೇಳದೆಯೇ ತಿಳಿಯುತ್ತದೆ. ಉತ್ತರಕ್ಕೆ ಮುಖ ಮಾಡಿದ ಗಟ್ಟಿ ಕಲ್ಲಿನ ಗುಡಿ, ಎದುರಿಗೆ ಕಮಾನುಗಳ ನಂದಿಮಂಟಪ. ಗರ್ಭಗುಡಿಯ ವಿಶಾಲ ಪೀಠದ ಸುತ್ತ 32 ದೇವಿಯರ ಕೆತ್ತನೆ ಇದೆ. ಒಳಗೆ ನಡೆಯುವಾಗ ನೆಲವನ್ನೂ ಗಮನಿಸಿ: ದೇವರಿಗೆ ಅಡ್ಡಬಿದ್ದ ಮೂವರು ಅರಸರ ಆಕೃತಿಗಳನ್ನು ನೆಲಗಲ್ಲಿನಲ್ಲಿ ಕೊರೆದಿದ್ದಾರೆ, ಒಬ್ಬನ ಕೈಕಾಲಿಗೆ ಸಂಕೋಲೆ ಇದೆ. ಗಡಿಬಿಡಿಯಲ್ಲಿ ಬಂದವರು ಅವರನ್ನು ತುಳಿದುಕೊಂಡೇ ಹೋಗುತ್ತಾರೆ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಇಲ್ಲಿಗೆ ಬಂದು ಕಂಡದ್ದನ್ನೆಲ್ಲ ಪತ್ರಗಳಲ್ಲಿ ಬರೆದಿಟ್ಟ. ಆಗ ಆಳುತ್ತಿದ್ದವನು ವೆಂಕಟಪ್ಪ ನಾಯಕ. ರಾಜಧಾನಿ ಬಿದನೂರಿಗೆ ಹೋದ ಮೇಲೂ ಅವರ ನಾಣ್ಯದ ಹೆಸರು ಇಕ್ಕೇರಿ ವರಹವೆಂದೇ ಉಳಿಯಿತು.

ಕಾಲದ ಮಾತು: ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಳೆಗಾಲದಲ್ಲಿ ಹಸಿರು ಕಣ್ಣಿಗೆ ಹಬ್ಬವಾದರೂ ಕಲ್ಲು ಜಾರುತ್ತದೆ, ಹುಲ್ಲಿನಲ್ಲಿ ಉಂಬಳ (ಜಿಗಣೆ) ಹತ್ತುತ್ತದೆ. ಬೇಸಿಗೆಯಲ್ಲಿ ಬರಿಗಾಲಿಗೆ ಅಂಗಳದ ಕಲ್ಲು ಸುಡುತ್ತದೆ, ಕಾಲುಚೀಲ ಇಟ್ಟುಕೊಳ್ಳಿ. ವಯಸ್ಸಾದವರನ್ನು ಧೈರ್ಯವಾಗಿ ಕರೆತರಬಹುದು, ಬೆಟ್ಟ ಹತ್ತುವ ಕೆಲಸ ಎರಡೂ ಕಡೆ ಇಲ್ಲ. ಮರುದಿನ ಬಿಡುವಿದ್ದರೆ ಹೊಸನಗರದ ಮೇಲೆ ‘ನಗರ’ ಎಂಬ ಊರಿಗೆ, ಅಂದರೆ ಹಳೆಯ ಬಿದನೂರಿಗೆ, ಹೋಗಿ, ಕೋಟೆಯ ಜೊತೆಗೆ ದೇವಗಂಗೆಯ ಕೊಳಗಳನ್ನೂ ನೋಡಿಬನ್ನಿ. ಆ ದಾರಿಗೆ ಸ್ವಂತ ವಾಹನ ಅಥವಾ ದಿನದ ಬಾಡಿಗೆ ಕಾರು ಬೇಕು.