ಹನ್ನೊಂದನೆಯ ವಚನಕ್ಕೆ ಮೊದಲಿನ ಹತ್ತು

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಗಂಟೆ ಹನ್ನೆರಡು ದಾಟುತ್ತಿದ್ದಂತೆ, ಸತ್ಯವೇದದ (ಬೈಬಲಿನ) ಒಂದು ವಚನ ಅಚ್ಚಾದ ವಾಗ್ದಾನದ ಕಾರ್ಡು ಕೊಡುವುದು ನಮ್ಮ ಎಷ್ಟೋ ಸಭೆಗಳ ರೂಢಿ. ತಟ್ಟೆಯಿಂದ ಪ್ರಾರ್ಥಿಸಿ ಒಂದನ್ನು ಎತ್ತಿಕೊಳ್ಳುತ್ತಾರೆ. ಆಮೇಲೆ ಅದು ಸತ್ಯವೇದದ ಹಾಳೆಗಳ ನಡುವೆಯೋ ಫ್ರಿಜ್ ಬಾಗಿಲ ಮೇಲೋ ವರ್ಷವಿಡೀ ಇರುತ್ತದೆ. ಜನವರಿಯ ಎರಡನೇ ಶನಿವಾರ ಬೆಂಗಳೂರಿನ ಒಂದು ಬಾಡಿಗೆ ಮನೆಯಲ್ಲಿ ಸೇರಿದ ಮನೆಕೂಟಕ್ಕೆ ಏಳು ಜನ ಬಂದಿದ್ದರು. ಅವರಲ್ಲಿ ಇಬ್ಬರ ಕೈಗೆ ಒಂದೇ ವಾಕ್ಯ ಸಿಕ್ಕಿತ್ತು: ಯೆರೆಮೀಯ 29:11. ದೇವರು ತನ್ನ ಜನರಿಗಾಗಿ ಇಟ್ಟುಕೊಂಡಿರುವ ಯೋಚನೆಗಳು ಕೇಡಿನವಲ್ಲ, ಹಿತದವು, ನಿರೀಕ್ಷೆ ಕೊಡುವಂಥವು ಎನ್ನುವ ಮಾತು. ಒಬ್ಬರು ಮಗನ ವೀಸಾಕ್ಕಾಗಿ ಅದನ್ನು ಹಿಡಿದಿದ್ದರು, ಇನ್ನೊಬ್ಬರು ಮಗಳ ಮದುವೆಗಾಗಿ. ಅವತ್ತು ಓದಬೇಕಿದ್ದ ಭಾಗವನ್ನು ಪಕ್ಕಕ್ಕಿಟ್ಟು, ಆ ವಚನ ಇರುವ ಅಧ್ಯಾಯವನ್ನೇ ಬಿಡಿಸಿಕೊಂಡು ಕುಳಿತೆವು. ಆರು ಗಂಟೆಗೆ ಶುರು, ಏಳೂವರೆಗೆ ಮುಕ್ತಾಯ.

ಬೇಕಾದದ್ದು ಹೆಚ್ಚೇನಿಲ್ಲ. ಒಬ್ಬೊಬ್ಬರಿಗೆ ಒಂದು ಸತ್ಯವೇದ, 100 ಪುಟದ ಗೆರೆ ಹಾಕಿದ ನೋಟ್‌ಪುಸ್ತಕ, ಒಂದು ಪೆನ್ಸಿಲು. ಪೆನ್ಸಿಲೇ ಆಗಬೇಕು. ಸತ್ಯವೇದದ ಹಾಳೆ ತೆಳು. ಜೆಲ್ ಪೆನ್ನಿನ ಶಾಯಿ, ಹೈಲೈಟರಿನ ಬಣ್ಣ ಹಿಂದಿನ ಪುಟಕ್ಕೆ ಇಳಿದು ಅಲ್ಲಿನ ಅಕ್ಷರ ಹಾಳಾಗುತ್ತದೆ. ಗುರುತು ತಪ್ಪಾದರೆ ಅಳಿಸಲೂ ಆಗುವುದಿಲ್ಲ, ಮೊದಲ ಸಲ ಹಾಕಿದ ಗುರುತು ಬಹಳ ಸಲ ತಪ್ಪೇ ಆಗಿರುತ್ತದೆ. ಏಳು ಸತ್ಯವೇದಗಳಲ್ಲಿ ಎರಡಾದರೂ ಬೇರೆ ಭಾಷಾಂತರದವು ಇದ್ದರೆ ಒಳ್ಳೆಯದು: ಹಿರಿಯರಿಗೆ ಬಾಯಿಗೆ ಬಂದಿರುವ ಹಳೆಯದು, ಸರಳ ಕನ್ನಡದ ಹೊಸದು. ಫೋನಿನಲ್ಲಿ ಓದುವವರು ನೆಟ್ ಬಂದ್ ಮಾಡಿಟ್ಟುಕೊಳ್ಳಬೇಕು. ಓದುವ ನಡುವೆ ಒಂದು ಮೆಸೇಜ್ ಬಂದರೂ ಎಳೆ ತಪ್ಪುತ್ತದೆ.

ಪ್ರಾರ್ಥನೆಗೆ ಕೀರ್ತನೆ 119:18 ಸಾಕು. ಕಣ್ಣು ತೆರೆ ಎಂದು ಕೇಳಿಕೊಳ್ಳುವ ಒಂದು ವಚನ. ಆಮೇಲೆ 1ರಿಂದ 14ರವರೆಗೆ ಮೂರು ಸಲ ಓದು. ಮೊದಲು ಒಬ್ಬೊಬ್ಬರೂ ಮನಸ್ಸಿನಲ್ಲಿ, ಎರಡನೆಯದು ಒಬ್ಬರು ಗಟ್ಟಿಯಾಗಿ, ಮೂರನೆಯದು ಇನ್ನೊಂದು ಭಾಷಾಂತರದಿಂದ. ನಿಧಾನವಾಗಿ ಓದಿದರೂ ಒಂದು ಸಲಕ್ಕೆ ನಾಲ್ಕೈದು ನಿಮಿಷ. ಮೂರೂ ಮುಗಿಯುವ ತನಕ ಯಾರೂ ಅರ್ಥ ಹೇಳಬಾರದು ಎಂಬ ಒಂದೇ ಕಟ್ಟುಪಾಡು. ಇದು ಸಣ್ಣದಾಗಿ ಕಾಣುತ್ತದೆ, ಆದರೆ ಕೂಟಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಚೆನ್ನಾಗಿ ಮಾತಾಡುವವರೊಬ್ಬರು ಮೊದಲೇ ಅರ್ಥ ಹೇಳಿಬಿಟ್ಟರೆ ಉಳಿದವರು ವಾಕ್ಯವನ್ನು ಬಿಟ್ಟು ಅವರ ಅರ್ಥವನ್ನೇ ಓದುತ್ತಾರೆ.

ಮೂರನೇ ಓದು ಮುಗಿದಾಗ ವೀಸಾದ ಅಮ್ಮ ತಲೆ ಎತ್ತಿ, "ಇದು ಕಾಗದ ಅಲ್ವಾ ಬ್ರದರ್?" ಎಂದರು.

ಹೌದು, ಕಾಗದ. ಇಡೀ ಅಧ್ಯಾಯದ ಬೀಗದ ಕೈ ಅದೇ. ಕಾಗದ ಎಂದ ಮೇಲೆ ಬರೆದವರು ಯಾರು, ಯಾರಿಗೆ, ಎಲ್ಲಿಂದ ಎಲ್ಲಿಗೆ, ಯಾವಾಗ, ಯಾಕೆ ಎಂದು ಕೇಳಲೇಬೇಕು. ಉತ್ತರ ಮೊದಲ ಮೂರು ವಚನಗಳಲ್ಲೇ ಇದೆ, ಕಾರ್ಡಿನಲ್ಲಿ ಇಲ್ಲ. ಯೆರೂಸಲೇಮಿನಲ್ಲಿದ್ದ ಪ್ರವಾದಿ ಯೆರೆಮೀಯ, ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದವರಿಗೆ ಬರೆದದ್ದು. ಯೆಹೂದದ ಅರಸ ಯೆಕೊನ್ಯ, ಅವನ ತಾಯಿ, ಅಧಿಕಾರಿಗಳು, ಬಡಗಿ ಕಮ್ಮಾರರು ಊರು ಬಿಟ್ಟಾದ ಮೇಲೆ. ಅದು ಕ್ರಿಸ್ತಪೂರ್ವ 597ರ ಸೆರೆ. 2 ಅರಸು 24ರಲ್ಲಿ ಅದರ ಲೆಕ್ಕವಿದೆ: ಹತ್ತು ಸಾವಿರ ಜನ, ಅವರಲ್ಲಿ ಒಂದು ಸಾವಿರ ಕುಶಲಕರ್ಮಿಗಳು.

ಒಂದು ಅಧ್ಯಾಯ ಹಿಂದಕ್ಕೆ ಹೋಗದೆ ಮುಂದೆ ಓದಬಾರದು. 28ರಲ್ಲಿ ಹನನ್ಯ ಎಂಬ ಪ್ರವಾದಿ, ಎರಡೇ ವರ್ಷದಲ್ಲಿ ಎಲ್ಲರೂ ಹಿಂದಿರುಗುತ್ತೀರಿ ಎಂದು ದೇವಾಲಯದಲ್ಲಿ ಜನರ ಮುಂದೆ ಸಾರಿದ. ಬಾಬೆಲಿಗೆ ಅಧೀನರಾಗಿರಿ ಎನ್ನುವುದರ ಗುರುತಾಗಿ ಯೆರೆಮೀಯನ ಕುತ್ತಿಗೆಯ ಮೇಲಿದ್ದ ನೊಗವನ್ನು ತೆಗೆದು ಮುರಿದ. ಜನರಿಗೆ ಬೇಕಾಗಿದ್ದ ವಾಗ್ದಾನ ಅದೇ, ಹತ್ತಿರದ್ದು, ಸಿಹಿಯಾದದ್ದು. ಅದೇ ವರ್ಷ ಏಳನೆಯ ತಿಂಗಳಲ್ಲಿ ಹನನ್ಯ ತೀರಿಕೊಂಡ. ಅದರ ಬೆನ್ನಿಗೆ ನಮ್ಮ ಮುಂದಿರುವುದು ಈ ಕಾಗದ: 70 ವರ್ಷ ತುಂಬಬೇಕು ಎನ್ನುವ ಕಾಗದ. ಹತ್ತನೆಯ ವಚನ 70 ಎನ್ನುತ್ತದೆ, ಹನ್ನೊಂದನೆಯದು ಹಿತದ ಯೋಚನೆ ಎನ್ನುತ್ತದೆ. ಎರಡನ್ನೂ ಒಂದೇ ಉಸಿರಿನಲ್ಲಿ ಓದಬೇಕು.

ಇಲ್ಲಿ ನೋಟ್‌ಪುಸ್ತಕದಲ್ಲಿ ಒಂದು ಸಣ್ಣ ಲೆಕ್ಕ ಹಾಕಿಸಿದೆವು. ಸೆರೆ ಹೋದದ್ದು 597. ಹಿಂದಿರುಗಲು ಪಾರಸಿಯ ಅರಸ ಕೋರೆಷನ ಅಪ್ಪಣೆ ಬಂದದ್ದು 538. ನಡುವೆ 59 ವರ್ಷ. (ಕಾಗದದ 70 ವರ್ಷ ಬಾಬೆಲಿಗೆ ಗೊತ್ತುಮಾಡಿದ ಕಾಲ, ಈ ಸೆರೆಯಿಂದ ಎಣಿಸಿದ್ದಲ್ಲ.) ಮೂವತ್ತರಲ್ಲಿ ಸೆರೆ ಹೋದವನಿಗೆ ಅಷ್ಟು ಹೊತ್ತಿಗೆ ತೊಂಬತ್ತಕ್ಕೆ ಒಂದು ಕಡಿಮೆ. ಕಾಗದವನ್ನು ಕಿವಿಯಾರೆ ಕೇಳಿದವರಲ್ಲಿ ಬಹುಪಾಲು ಜನ ಬಾಬೆಲಿನಲ್ಲಿಯೇ ಮಣ್ಣಾದರು. ಆದರೂ ವಾಗ್ದಾನ ಅವರಿಗೇ ಬರೆದದ್ದು. ಆಗ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮದುವೆಯ ಕಾರ್ಡಿನ ಅಮ್ಮ ಕೇಳಿದರು: "ಹಾಗಾದ್ರೆ ಈ ವಾಕ್ಯ ನಂಗಲ್ವಾ?"

ಈ ಪ್ರಶ್ನೆಯನ್ನು ಅವಸರದಲ್ಲಿ ಮುಚ್ಚಿಬಿಡಬಾರದು. ಕನ್ನಡದಲ್ಲಿ ಓದುವವರಿಗೆ ಇಲ್ಲಿ ಒಂದು ಅನುಕೂಲವಿದೆ. ಇಂಗ್ಲಿಷಿನಲ್ಲಿ ಒಬ್ಬರಿಗೂ ಹತ್ತು ಜನರಿಗೂ ಒಂದೇ ‘ಯೂ’. ನಮ್ಮ ಸತ್ಯವೇದದಲ್ಲಿ ದೇವರು ಒಬ್ಬನೊಡನೆ ಮಾತಾಡುವಾಗ ‘ನೀನು’ ಎನ್ನುತ್ತಾನೆ, ಜನರೊಡನೆ ‘ನೀವು’. ಇಲ್ಲಿ ಇರುವುದು ‘ನಿಮ್ಮ’. ಇಬ್ರಿಯ (ಹೀಬ್ರೂ) ಮೂಲದಲ್ಲಿಯೂ ಬಹುವಚನವೇ. ಇದು ಒಬ್ಬಳ ಮಗಳ ಮದುವೆಯ ತಾರೀಖಲ್ಲ, ತನ್ನ ಜನರನ್ನು ದೇವರು ಕೈಬಿಡುವುದಿಲ್ಲ ಎನ್ನುವ ಮಾತು. ಆ ಜನರೊಳಗೆ ಆ ಅಮ್ಮನೂ ಇದ್ದಾರೆ, ಮಗಳೂ ಇದ್ದಾಳೆ. ಮದುವೆಗಾಗಿ ಪ್ರಾರ್ಥಿಸಲು ಯಾವ ಅಡ್ಡಿಯೂ ಇಲ್ಲ. 12ನೆಯ ವಚನ ಕರೆಯಿರಿ, ಕೇಳುತ್ತೇನೆ ಎನ್ನುತ್ತದೆ. ಈ ವರ್ಷದೊಳಗೆ ಆಗಿಯೇ ತೀರುತ್ತದೆ ಎಂಬ ಗಡುವನ್ನು ಮಾತ್ರ ಕಾಗದ ಕೊಟ್ಟಿಲ್ಲ. ಆ ಗಡುವನ್ನು ನಾವೇ ಸೇರಿಸಿ, ಡಿಸೆಂಬರಿನಲ್ಲಿ ಅದು ದಾಟಿಹೋದಾಗ ದೇವರ ಮೇಲೆ ಬೇಸರಪಟ್ಟುಕೊಳ್ಳುತ್ತೇವೆ. ಈ ನೋವು ಹಲವು ಮನೆಗಳಲ್ಲಿದೆ, ಯಾರೂ ಹೊರಗೆ ಹೇಳುವುದಿಲ್ಲ.

ಇನ್ನು 5ರಿಂದ 7. ಪೆನ್ಸಿಲಿನಲ್ಲಿ ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆಯುವುದು. ಮನೆ ಕಟ್ಟಿರಿ, ವಾಸಮಾಡಿರಿ, ತೋಟ ಮಾಡಿರಿ, ಫಲ ತಿನ್ನಿರಿ, ಮದುವೆಯಾಗಿರಿ, ಮಕ್ಕಳನ್ನು ಪಡೆಯಿರಿ, ಅವರಿಗೂ ಮದುವೆ ಮಾಡಿರಿ, ಹೆಚ್ಚಿರಿ, ಕಡಿಮೆಯಾಗಬೇಡಿರಿ, ಪಟ್ಟಣದ ಕ್ಷೇಮ ಹುಡುಕಿರಿ, ಅದಕ್ಕಾಗಿ ಪ್ರಾರ್ಥಿಸಿರಿ. 11ನೆಯ ವಚನದಲ್ಲಿ ಹೀಗೆ ಗೆರೆ ಎಳೆಯಲು ಹೋದರೆ ನಮಗೆ ಒಂದು ಕೆಲಸವೂ ಸಿಗುವುದಿಲ್ಲ. ಅಲ್ಲಿ ಕೆಲಸವೆಲ್ಲ ದೇವರದು. ದಿನಬಳಕೆಗೆ ಬೇಕಾದದ್ದು ಕಾರ್ಡಿನಲ್ಲಿ ಅಚ್ಚಾಗದ ಭಾಗದಲ್ಲಿದೆ.

ಏಳನೆಯ ವಚನದ ಇಬ್ರಿಯದಲ್ಲಿ ‘ಶಾಲೋಮ್’ ಮೂರು ಸಲ ಬರುತ್ತದೆ. ಪಟ್ಟಣದ ಶಾಲೋಮ್ ಹುಡುಕಿರಿ, ಅದರ ಶಾಲೋಮಿನಲ್ಲಿ ನಿಮಗೂ ಶಾಲೋಮ್. ಹನ್ನೊಂದರಲ್ಲಿ ದೇವರ ಯೋಚನೆಗಳೂ ಶಾಲೋಮಿನವೇ. ಕನ್ನಡಕ್ಕೆ ಬರುವಾಗ ಒಂದು ಕಡೆ ಕ್ಷೇಮ, ಇನ್ನೊಂದು ಕಡೆ ಹಿತ ಎಂದು ಬೇರೆಯಾಗುವುದರಿಂದ ಈ ನಂಟು ಕಣ್ಣಿಗೆ ಬೀಳುವುದಿಲ್ಲ. ಎರಡನ್ನೂ ಒಂದು ಗೆರೆ ಎಳೆದು ಜೋಡಿಸಿಕೊಳ್ಳಬೇಕು. ನಮಗೆ ಬೇಕಾದ ಹಿತವೂ, ನಮ್ಮದಲ್ಲ ಎಂದುಕೊಂಡ ಊರಿನ ಹಿತವೂ ಒಂದೇ ಪದ.

ಬೀದರಿನಿಂದ ಬಂದು ಎಂಟು ವರ್ಷವಾದ ಸಿಸ್ಟರ್ ಒಬ್ಬರಿಗೆ ಇದು ನೇರವಾಗಿ ತಾಗಿತು. "ಇದು ನಮ್ಮೂರಲ್ಲ ಅಂತ ಗೋಡೆಗೆ ಒಂದು ಮೊಳೆನೂ ಹೊಡೆದಿಲ್ಲ" ಎಂದರು.

ಆದರೂ ಬಾಬೆಲಿನಿಂದ ಬೆಂಗಳೂರಿಗೆ ನೇರವಾಗಿ ಹಾರಬಾರದು. ನಾವು ಆ ಸೆರೆಯವರಲ್ಲ, ಆ 70 ವರ್ಷ ನಮ್ಮದಲ್ಲ. ಏನು ಬದಲಾಗಿದೆ, ಏನು ಬದಲಾಗಿಲ್ಲ ಎಂದು ಎರಡು ಸಾಲು ಬರೆದು, ಬದಲಾಗದ್ದನ್ನು ಹೊಸ ಒಡಂಬಡಿಕೆಯಲ್ಲಿ ಒಂದು ಸಲ ಒರೆಗೆ ಹಚ್ಚಬೇಕು. 1 ಪೇತ್ರ 2:11-12 ವಿಶ್ವಾಸಿಗಳನ್ನು ಪ್ರವಾಸಿಗಳು, ಪರದೇಶಸ್ಥರು ಎಂದು ಕರೆದು ಜನರ ನಡುವೆ ಒಳ್ಳೆಯದನ್ನು ಮಾಡಿ ಎನ್ನುತ್ತದೆ. 1 ತಿಮೊಥೆ 2:1-2 ಎಲ್ಲರಿಗಾಗಿಯೂ ಅಧಿಕಾರದಲ್ಲಿರುವವರಿಗಾಗಿಯೂ ಪ್ರಾರ್ಥಿಸಿ ಎನ್ನುತ್ತದೆ. ಇರುವ ಊರಿನ ಕ್ಷೇಮ ಹುಡುಕುವುದು ನಮಗೂ ಸಲ್ಲುತ್ತದೆ ಎಂದು ಆಗ ಧೈರ್ಯವಾಗಿ ಹೇಳಬಹುದು. ವ್ಯಾಖ್ಯಾನದ ಪುಸ್ತಕ ತೆರೆಯುವುದಿದ್ದರೆ ಈಗ. ಮೊದಲೇ ತೆರೆದರೆ ನಮ್ಮ ಕಣ್ಣು ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ.

ಕೊನೆಯ ಇಪ್ಪತ್ತು ನಿಮಿಷ ಪಾಲಿಸುವುದಕ್ಕೆ. ‘ಊರನ್ನು ಪ್ರೀತಿಸಬೇಕು’ ಎಂದು ಬರೆದರೆ ಒಪ್ಪುವುದಿಲ್ಲ. ಯಾರಿಗೆ, ಏನು, ಯಾವ ದಿನ ಎಂಬ ಮೂರೂ ಒಂದು ಸಾಲಿನಲ್ಲಿರಬೇಕು. ರಾತ್ರಿ ಮಲಗುವಾಗ ‘ಆಯಿತು’ ಅಥವಾ ‘ಇಲ್ಲ’ ಎಂದು ಬರೆಯಲು ಬರಬೇಕು. ಕರ್ತೃ ನಾನೇ ಆಗಿರಬೇಕು. ‘ನಮ್ಮ ಯಜಮಾನರು ಇದನ್ನು ಕೇಳಬೇಕಿತ್ತು’ ಎಂಬ ಮಾತು ಪ್ರತಿ ಕೂಟದಲ್ಲೂ ಬರುತ್ತದೆ. ಬಂದ ಕೂಡಲೇ ಮೃದುವಾಗಿ ತಡೆಯಬೇಕು. ಒಂದು ವಾರಕ್ಕೆ ಎರಡೇ ಸಾಲು. ಐದು ಬರೆದವರು ಒಂದನ್ನೂ ಮಾಡುವುದಿಲ್ಲ. ಬೀದರಿನ ಸಿಸ್ಟರ್ ಬರೆದದ್ದು ಇಷ್ಟು: ಮೆಟ್ಟಿಲ ಮೇಲೆ ಕೆಟ್ಟುಹೋದ ಬಲ್ಬು, ಸೋಮವಾರ ಸಂಜೆ. ಕಸದ ಗಾಡಿಯ ಅಕ್ಕನ ಹೆಸರು ಕೇಳಿಕೊಂಡು ಪ್ರಾರ್ಥನೆ, ಬುಧವಾರ. ಆ ಬಲ್ಬು ಮಾಲೀಕರದ್ದೋ ಬಾಡಿಗೆಯವರದ್ದೋ ಎಂದು ನಾಲ್ಕು ಮನೆಯವರೂ ತಿಂಗಳುಗಟ್ಟಲೆ ಕತ್ತಲಲ್ಲೇ ಹತ್ತಿ ಇಳಿಯುತ್ತಿದ್ದರು.

ಮುಂದಿನ ಏಳು ದಿನಕ್ಕೆ ಬೆಳಗ್ಗೆ ಹದಿನೈದು ನಿಮಿಷದ ಓದು ಹಂಚಿಕೊಂಡೆವು. ಭಾನುವಾರ 2 ಅರಸು 24, ಸೋಮವಾರ ಯೆರೆಮೀಯ 28, ಮಂಗಳವಾರ ಮತ್ತೆ 29, ಬುಧವಾರ ಕೀರ್ತನೆ 137, ಗುರುವಾರ ದಾನಿಯೇಲ 9:1-19, ಶುಕ್ರವಾರ ಎಜ್ರ 1, ಶನಿವಾರ 1 ಪೇತ್ರ 2:11-17. ಕೀರ್ತನೆ 137ರ ಕೊನೆ ಓದಲು ಕಷ್ಟ. ಬಾಬೆಲಿನ ಮಕ್ಕಳಿಗೆ ಕೇಡು ಬಯಸುವ ಕೂಗು ಅದು. ಅದನ್ನು ಹಾರಿಸಬಾರದು. ಅಷ್ಟು ಗಾಯವಾದ ಜನರಿಗೆ, ಅದೇ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ಕಾಗದ ಬಂತು. ಆಜ್ಞೆ ಎಷ್ಟು ಭಾರದ್ದೆಂದು ಆ ಕೀರ್ತನೆ ಓದಿದವರಿಗೇ ಗೊತ್ತಾಗುತ್ತದೆ. ದಾನಿಯೇಲನಂತೂ ಯೆರೆಮೀಯನ 70 ವರ್ಷವನ್ನು ಓದಿ ಲೆಕ್ಕ ತಿಳಿದುಕೊಂಡು, ಉಪವಾಸ ಮಾಡಿ ಪ್ರಾರ್ಥನೆಗೆ ಕುಳಿತ. ಅಧ್ಯಯನ ಪ್ರಾರ್ಥನೆಯಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮಗೆ ಸಿಕ್ಕಿಲ್ಲ.

ಬಾಯಿಪಾಠಕ್ಕೆ ಏಳನೆಯ ವಚನ. ಒಂದು ಚೀಟಿಯಲ್ಲಿ ಪದಗಳ ಮೊದಲ ಅಕ್ಷರ ಮಾತ್ರ ಬರೆದು, ಅದನ್ನು ನೋಡಿಕೊಂಡು ಗಟ್ಟಿಯಾಗಿ ಹೇಳುವುದು. ಉಲ್ಲೇಖವನ್ನು ಮೊದಲೂ ಕೊನೆಗೂ ಹೇಳಬೇಕು, ಇಲ್ಲದಿದ್ದರೆ ಮಾತು ಉಳಿದು ಜಾಗ ಮರೆತುಹೋಗುತ್ತದೆ. ಮೂರನೇ ದಿನದಿಂದ ಚೀಟಿ ಮಡಚಿಡಬಹುದು.

ವರ್ಷದಲ್ಲಿ ಇಡೀ ಸತ್ಯವೇದ ಮುಗಿಸುವ ಪಟ್ಟಿ ಹಿಡಿದವರು ಇಬ್ಬರಿದ್ದರು. 66 ಪುಸ್ತಕಗಳ 1189 ಅಧ್ಯಾಯಕ್ಕೆ ದಿನಕ್ಕೆ ಮೂರು ಅಧ್ಯಾಯದ ಮೇಲೆ ಬೀಳುತ್ತದೆ. ಆದಿಕಾಂಡ 50, ವಿಮೋಚನಕಾಂಡ 40, ಅಲ್ಲಿಗೆ ಜನವರಿ ಮುಗಿಯುತ್ತದೆ. ಫೆಬ್ರವರಿಯ ಬಾಗಿಲಲ್ಲಿ ಯಾಜಕಕಾಂಡ. ಬಹಳ ಜನ ಅಲ್ಲಿಯೇ ನಿಲ್ಲುತ್ತಾರೆ. ತಪ್ಪಿದ ದಿನಗಳ ಬಾಕಿ ತೀರಿಸಲು ಒಂದೇ ದಿನ ಹನ್ನೆರಡು ಅಧ್ಯಾಯ ಓದಲು ಹೋಗುವುದೇ ಅದಕ್ಕೆ ಕಾರಣ. ಬಾಕಿಯನ್ನು ಬಿಟ್ಟು ಇಂದಿನ ತಾರೀಖಿನ ಭಾಗ ಓದಿ, ಉಳಿದದ್ದು ಮುಂದಿನ ವರ್ಷಕ್ಕೆ ಎಂದು ಹೇಳಿದೆವು.

ಮುಂದಿನ ಶನಿವಾರ ಪುಸ್ತಕಗಳನ್ನು ತೆರೆದಾಗ ಸಿಸ್ಟರ್ ಪುಟದಲ್ಲಿ ಸೋಮವಾರದ ಎದುರು ‘ಆಯಿತು, 9 ವಾಟ್ ಎಲ್‌ಇಡಿ’ ಎಂದಿತ್ತು. ಬುಧವಾರದ ಎದುರು ‘ಇಲ್ಲ’. ಗಾಡಿ ಬಂದಾಗ ಇವರು ಮೇಲಿನ ಮಹಡಿಯಲ್ಲಿದ್ದರಂತೆ. ಗುರುವಾರ ಆರೂಮುಕ್ಕಾಲಕ್ಕೇ ಹಸಿ ಕಸದ ಬಕೆಟ್ ಹಿಡಿದು ಗೇಟಿನ ಹತ್ತಿರ ನಿಂತು ಕೇಳಿದ್ದರು. ಆ ಅಕ್ಕನ ಹೆಸರನ್ನೂ, ಅವರ ಮಗನ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಎಂಬುದನ್ನೂ ಪ್ರಾರ್ಥನೆಯ ಪಟ್ಟಿಯಲ್ಲಿ, ತಮ್ಮ ಮಕ್ಕಳ ಹೆಸರಿನ ಕೆಳಗೇ ಬರೆದಿದ್ದರು.