ತಾಯಿ ಕೊಟ್ಟ ಆರು ತಿಂಗಳು

ಮಡಿಕೇರಿಯಲ್ಲಿ ಬೆಳಿಗ್ಗೆಯಿಂದ ಒಂದೇ ಸಮನೆ ಮಳೆ. ಮಕ್ಕಳ ವಾರ್ಡ್ ಡ್ಯೂಟಿ ಮುಗಿಸಿ ಹಾಸ್ಟೆಲಲ್ಲಿ ಓದುತ್ತಾ ಕೂತಿದ್ದೇನೆ.

ಗರ್ಭದಲ್ಲಿರುವಾಗಲೇ ತಾಯಿಯ ಐಜಿಜಿ ಎಂಬ ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಪ್ರೋಟೀನುಗಳು, ಮಗುವಿಗೆ ಸೇರುತ್ತವೆ. ಹುಟ್ಟಿದ ಮೇಲೆ ಸುಮಾರು 6 ತಿಂಗಳು ಅವೇ ಕಾವಲು. ಎಷ್ಟು ದೊಡ್ಡ ಉಡುಗೊರೆ ಅಲ್ವಾ! ಬ್ರೂಟನ್ ಕಾಯಿಲೆ ಎಂಬ ಹುಟ್ಟಿನಿಂದ ಬರುವ ರೋಗನಿರೋಧಕ ಶಕ್ತಿಯ ಕೊರತೆ ಇರುವ ಗಂಡುಮಕ್ಕಳು ಅಲ್ಲಿವರೆಗೆ ಚೆನ್ನಾಗಿಯೇ ಇರುತ್ತಾರೆ. ಆಮೇಲೆ ಕಿವಿ ಸೋರುವುದು, ನ್ಯುಮೋನಿಯಾ, ಮತ್ತೆ ಮತ್ತೆ. ಅವರ ಮೈ ತಾನಾಗಿ ಪ್ರತಿಕಾಯ ತಯಾರಿಸುವುದೇ ಇಲ್ಲ. ಗಂಟಲಲ್ಲಿ ಟಾನ್ಸಿಲ್ ಕೂಡ ಕಾಣುವುದು ಕಷ್ಟ.

ಪುಟ್ಟ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಸಹಜ. ಈ ಮಳೆಗಂತೂ ಕೇಳಬೇಕೇ. ಆದರೆ ವರ್ಷದಲ್ಲಿ 2 ಸಲ ನ್ಯುಮೋನಿಯಾ ಆದರೆ ಸುಮ್ನೆ ಬಿಡಬಾರದು.

ಇವತ್ತು ತೋಟದ ಲೈನ್ ಮನೆಯಿಂದ ಬಂದ ಅಮ್ಮ, "ಇವನಿಗೆ ಯಾವಾಗ್ಲೂ ಕೆಮ್ಮು, ಸಿಸ್ಟರ್" ಅಂದರು. ಪಕ್ಕದಲ್ಲಿ ಕೂತು, ಹುಟ್ಟಿದಾಗಿನಿಂದ ಎಲ್ಲವನ್ನೂ ಕೇಳಿ ಬರೆದುಕೊಂಡೆ.